ಬಿರಡೆ ಕಿತ್ತು ಬಂದಾಗ

1880ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಬೀಚಮ್ ಟವರ್ ಅವರಿಗೆ ಒಂದು ಕೆಲಸ ಒಪ್ಪಿಸಿತು. ರೈಲುಗಾಡಿಯ ಅಚ್ಚು ಬೇರಿಂಗಿನಲ್ಲಿ ತಿರುಗುವಾಗ ಎಷ್ಟು ಘರ್ಷಣೆಯಾಗುತ್ತದೆಂದು ಅಳೆಯಬೇಕು. ಟವರ್ ನಾಲ್ಕು ಅಂಗುಲ ದಪ್ಪದ ಅಚ್ಚಿನ ಮೇಲೆ ಬೇರಿಂಗ್ ಕೂರಿಸಿ, ಭಾರ ಹೇರಿ, ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗುವಂತೆ ಮಾಡಿ ತಿರುಗಿಸಿದರು.

ಮೇಲಿನಿಂದಲೂ ಎಣ್ಣೆ ಉಣಿಸಲೆಂದು ಬೇರಿಂಗಿನ ನೆತ್ತಿಗೆ ಅರ್ಧ ಅಂಗುಲದ ತೂತು ಕೊರೆದರು. ಯಂತ್ರ ಓಡತೊಡಗಿದ್ದೇ ತಡ, ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಕಾರ್ಕಿನ ಬಿರಡೆ ಹಾಕಿದರೆ ಕಿತ್ತು ಬಂತು. ಮರದ ಗೂಟ ಜಡಿದರೆ ಅದನ್ನೂ ಎಣ್ಣೆ ಹೊರನೂಕಿತು. ಇದೊಂದು ಕಿರಿಕಿರಿಯೆಂದು ಬಿಟ್ಟುಬಿಡಬಹುದಿತ್ತು. ಟವರ್ ಅಲ್ಲಿಗೆ ಒತ್ತಡಮಾಪಕ ಸಿಕ್ಕಿಸಿದರು. ಇಡೀ ಕತೆಯಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಇದು. ಮುಳ್ಳು ಚದರ ಅಂಗುಲಕ್ಕೆ 200 ಪೌಂಡ್ ದಾಟಿತು. ಹೇರಿದ್ದ ಭಾರವೋ ಚದರ ಅಂಗುಲಕ್ಕೆ ಸರಾಸರಿ 100 ಪೌಂಡ್. ಲೋಹದ ಮೇಲೆ ಲೋಹ ಕೂತಿರಲೇ ಇಲ್ಲ. ನಡುವಿನ ಎಣ್ಣೆಯ ಪೊರೆ ಅಷ್ಟೂ ಭಾರವನ್ನು ಹೊತ್ತಿತ್ತು.

ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತ ಕಟ್ಟಿಕೊಟ್ಟರು. ತಿರುಗುವ ಅಚ್ಚು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ. ಎಣ್ಣೆಯ ಸ್ನಿಗ್ಧತೆ ಅದನ್ನು ಸುಲಭವಾಗಿ ನುಸುಳಿಹೋಗಲು ಬಿಡದು. ಒತ್ತಡ ಹುಟ್ಟುವುದು ಹಾಗೆ. 1902ರಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ ವೇಗ, ಭಾರಗಳನ್ನು ಬದಲಿಸುತ್ತ ಅಳೆದಾಗ ಇನ್ನೊಂದು ಮುಖ ಸ್ಪಷ್ಟವಾಯಿತು. ಪೊರೆ ಸಾಲದಿದ್ದರೆ ಲೋಹಗಳು ತಾಗಿ ಸವೆಯುತ್ತವೆ; ಅಗತ್ಯಕ್ಕಿಂತ ಹೆಚ್ಚಾದರೆ ಎಣ್ಣೆಯೊಳಗಿನ ಜಗ್ಗಾಟವೇ ಶಕ್ತಿಯನ್ನು ನುಂಗುತ್ತದೆ.

ಸ್ಪೋರ್ಟ್ಸ್ ಕಾರಿಗೆ ಮಂದವಾದ ಎಣ್ಣೆಯೇ ಸರಿ ಎನ್ನುವವರು ಈ ಎರಡನೆಯ ಮಾತನ್ನು ಮರೆಯುತ್ತಾರೆ. ಮಂದ ಎಣ್ಣೆ ಬೇಕಾಗುವ ಎಂಜಿನ್ನುಗಳೂ ಇವೆ, ನಿಜ; 2000ದ ಹೊತ್ತಿಗೆ ಬಂದ ಬಿಎಂಡಬ್ಲ್ಯು ಎಂ3 ಕಾರನ್ನೇ ನೋಡಿ. ಅದರ 3.2 ಲೀಟರ್ ಎಂಜಿನ್ ನಿಮಿಷಕ್ಕೆ 8000 ಸುತ್ತು ಹಾಕುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರ್. ಆ ವೇಗದಲ್ಲಿ ಹುಟ್ಟುವ ಶಾಖಕ್ಕೆ ಎಣ್ಣೆ ತೆಳ್ಳಗಾದರೂ ಕನೆಕ್ಟಿಂಗ್ ರಾಡಿನ ಬೇರಿಂಗಿನಲ್ಲಿ ಪೊರೆ ಹರಿಯಬಾರದು. ಅದಕ್ಕಾಗಿ ಕಂಪನಿ 10ಡಬ್ಲ್ಯು-60 ಎಂಬ ಮಂದ ಎಣ್ಣೆ ಗೊತ್ತುಮಾಡಿತು. 60 ಎಂಬುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆ ಎಷ್ಟು ಮಂದವೆಂದು ಸೂಚಿಸುವ ದರ್ಜೆ. 10ಡಬ್ಲ್ಯು ಚಳಿಯಲ್ಲಿನ ಹರಿವಿನದು. ಇಂಥ ಎಣ್ಣೆ ತಣ್ಣಗಿರುವಾಗ ನಿಧಾನವಾಗಿ ಸಾಗುವುದರಿಂದ, ಸುತ್ತು ತೋರಿಸುವ ಮಾಪಕದ ಅಂಚಿನಲ್ಲಿ ದೀಪಗಳನ್ನು ಇಟ್ಟರು. ಎಣ್ಣೆ ಬಿಸಿಯೇರಿದಂತೆ ಅವು ಒಂದೊಂದಾಗಿ ಆರುತ್ತವೆ; ಅಲ್ಲಿಯವರೆಗೆ ಎಂಜಿನ್ನನ್ನು ಜೋರಾಗಿ ಎಳೆಯಬಾರದು.

2014ರಲ್ಲಿ ಬಂದ ಎಂ3ಗೆ ಟರ್ಬೋ ಎಂಜಿನ್ ಹಾಕಿದರು. ಶಕ್ತಿ ಇನ್ನೂ ಹೆಚ್ಚಿತ್ತು. ಆದರೂ ಹೊಸ ಎಂಜಿನ್ನಿಗೆ ಕಂಪನಿ ಹೇಳಿದ್ದು 10ಡಬ್ಲ್ಯು-60 ಅಲ್ಲ, ಅದಕ್ಕಿಂತ ತೆಳುವಾದ ಎಣ್ಣೆ.