ಥೀಮ್ ಪಾರ್ಕಿಗೆ ಒಬ್ಬರೇ ಹೋಗಬಹುದೇ?

ಪ್ರಶ್ನೆ: ಅಮೆರಿಕದ ಡಿಸ್ನಿ ವರ್ಲ್ಡ್‌ಗೆ ಒಬ್ಬಳೇ ಹೋಗುವುದರಲ್ಲಿ ಅರ್ಥವಿದೆಯೇ?

ಉತ್ತರ: ಖಂಡಿತ ಇದೆ. ಫ್ಲಾರಿಡಾದ ಒರ್ಲಾಂಡೊ ಬಳಿ 1971ರಲ್ಲಿ ತೆರೆದ ಈ ರೆಸಾರ್ಟಿನಲ್ಲಿ ಈಗ ನಾಲ್ಕು ಥೀಮ್ ಪಾರ್ಕುಗಳಿವೆ. ಅಲ್ಲಿ ಟಿಕೆಟ್ಟಿನಷ್ಟೇ ದುಬಾರಿಯಾದದ್ದು ಸರದಿಯಲ್ಲಿ ಕಳೆಯುವ ಹೊತ್ತು. ಒಂಟಿ ಪ್ರವಾಸಿಗೆ ಲಾಭವಾಗುವುದು ಇಲ್ಲಿಯೇ. ಎಕ್ಸ್‌ಪೆಡಿಶನ್ ಎವರೆಸ್ಟ್ ಎಂಬ ರೋಲರ್ ಕೋಸ್ಟರಿನಲ್ಲಿ ಜೋಡಿ ಆಸನಗಳಿವೆ. ಮೂವರ ಕುಟುಂಬ ಹತ್ತಿದರೆ ಒಂದು ಆಸನ ಖಾಲಿ ಉಳಿಯುತ್ತದೆ. ಅದನ್ನು ತುಂಬಲೆಂದೇ ಒಬ್ಬೊಬ್ಬರಾಗಿ ಹತ್ತುವವರಿಗೆ ಬೇರೆ ಸಾಲು ಇಟ್ಟಿದ್ದಾರೆ. ದಟ್ಟಣೆಯ ದಿನ ಈ ಸಾಲು ಸಾಮಾನ್ಯವಾಗಿ ಬೇಗ ಸರಿಯುತ್ತದೆ. ಎಲ್ಲ ಆಟಗಳಿಗೂ ಈ ಸೌಲಭ್ಯವಿಲ್ಲ, ನಿಜ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ನಿಮ್ಮ ಸಮಯ ನಿಮ್ಮ ಕೈಯಲ್ಲಿರುವುದು. ಎಪ್‌ಕಾಟ್ ಪಾರ್ಕಿನಲ್ಲಿ ಕೊಳವೊಂದರ ಸುತ್ತ 11 ದೇಶಗಳ ಮಂಟಪಗಳಿವೆ. ಯಾರೂ ಅವಸರಪಡಿಸದಿದ್ದರೆ ಇಡೀ ಸಂಜೆ ಅಲ್ಲೇ ಕಳೆಯಬಹುದು.

ಖರ್ಚಿನ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಕೋಣೆಯ ಬಾಡಿಗೆ ಇಬ್ಬರು ವಯಸ್ಕರ ಲೆಕ್ಕದಲ್ಲಿರುವುದರಿಂದ ಒಬ್ಬರಿಗೆ ಅರ್ಧವಾಗುವುದಿಲ್ಲ. ಅಗ್ಗದ ದರ್ಜೆಯ ಹೋಟೆಲು ಆರಿಸಿ ಹೊರೆ ತುಸು ಇಳಿಸಿಕೊಳ್ಳಬಹುದಷ್ಟೆ. ಮಕ್ಕಳಿಲ್ಲದೆ ಅಲ್ಲೇನು ಕೆಲಸ ಎನ್ನುವವರ ಮಾತನ್ನು ಒಪ್ಪಲಾರೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗಲೇ ವಾಲ್ಟ್ ಡಿಸ್ನಿ ಅದನ್ನು ದೊಡ್ಡವರೂ ನಲಿಯುವ ಜಾಗವಾಗಿ ಕಲ್ಪಿಸಿದ್ದರು. ಸುರಕ್ಷತೆಯ ಅಳುಕಿದ್ದರೆ ರೆಸಾರ್ಟಿನ ಒಳಗಿನ ಹೋಟೆಲಿನಲ್ಲೇ ಉಳಿದುಕೊಳ್ಳಿ. ಅಲ್ಲಿಂದ ಪಾರ್ಕುಗಳಿಗೆ ಉಚಿತ ಬಸ್ಸುಗಳಿವೆ. ರಾತ್ರಿ ಒಬ್ಬರೇ ಕಾರು ಓಡಿಸುವ ಪ್ರಮೇಯ ಬರುವುದಿಲ್ಲ.