ಬೈಯೋ ಮೊದಲು ಮಗುವಿನ ಹೊಟ್ಟೆ ನೋಡಿ

ಚುನಾವಣೆಗೆ ನಮ್ಮಲ್ಲಿ ಸ್ಲಾಟ್ ಇದೆ. ಕ್ರಿಕೆಟ್ಟಿಗೆ ಇದೆ, ಚಿನ್ನದ ರೇಟಿಗೆ ಇದೆ, ರಾಶಿಫಲಕ್ಕಂತೂ ದಿನಾ ಬೆಳಗ್ಗೆ ಇದ್ದೇ ಇದೆ. ಮಕ್ಕಳು ಕಕ್ಕಸಿಗೆ ಸರಿಯಾಗಿ ಹೋಗ್ತಿದ್ದಾರಾ ಅನ್ನೋದಕ್ಕೆ ಮಾತ್ರ ಇಲ್ಲ. ಜನ ಊಟಕ್ಕೆ ಕೂತಿರೋ ಹೊತ್ತಲ್ಲಿ ಇದೆಲ್ಲ ಬೇಕಾ ಅಂತ ನೀವು ಕೇಳಬಹುದು. ಬೇಕು ಸ್ವಾಮಿ. ಹಾಗೆ ಊಟಕ್ಕೆ ಕೂತ ಮನೆಗಳಲ್ಲೇ ಎಲ್ಲೋ ಒಂದು ಕಡೆ, ಏಳೆಂಟು ವರ್ಷದ ಮಗು ಚಡ್ಡಿ ಗಲೀಜು ಮಾಡಿಕೊಂಡಿದ್ದಕ್ಕೆ ಬೈಸಿಕೊಳ್ತಾ ನಿಂತಿರುತ್ತೆ. "ಇಷ್ಟು ದೊಡ್ಡೋನಾಗಿದೀಯ, ನಾಚಿಕೆ ಆಗಲ್ವೇನೋ?"

ಆ ಮಗುವಿಗೆ ನಾಚಿಕೆ ಆಗಿರುತ್ತೆ, ನಮಗಿಂತ ಹೆಚ್ಚೇ ಆಗಿರುತ್ತೆ. ಆದರೆ ಮಲ ಹೊರಗೆ ಬಂದಿದ್ದು ಬಹಳ ಸಲ ಅದಕ್ಕೆ ಗೊತ್ತೇ ಆಗಿರಲ್ಲ. ಇವತ್ತು ನಾನು ಹೇಳೋಕೆ ಹೊರಟಿರೋದು ಇದೇ.

ನಾನು ಓದಿದ್ದು ಇಂಜಿನಿಯರಿಂಗು, ಡಾಕ್ಟರಿಕೆ ಅಲ್ಲ. ಆದರೆ ಈ ವಿಷಯದಲ್ಲಿ ಅರ್ಧ ಭಾಗ ಪೈಪು, ಒತ್ತಡ, ಸೆನ್ಸರ್ ಲೆಕ್ಕಾಚಾರವೇ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಹೀರಿಕೊಳ್ಳೋದು. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಒಣಗುತ್ತೆ, ಗಟ್ಟಿಯಾಗುತ್ತೆ. ಗಟ್ಟಿ ಮಲ ಹೊರಗೆ ಬರುವಾಗ ನೋವು. ಒಂದು ಸಲ ನೋವುಂಡ ಮಗು ಮುಂದಿನ ಸಲ ಬಿಗಿ ಹಿಡಿಯುತ್ತೆ. ಕಾಲು ಒತ್ತಿಕೊಂಡು, ಮೂಲೆಯಲ್ಲಿ ನಿಂತು, ತುದಿಗಾಲಲ್ಲಿ ಕುಣಿಯುತ್ತೆ. ಪಾಪ, ತಿಣುಕ್ತಿದೆ ಅಂದುಕೊಳ್ತೀವಿ ನಾವು. ಅದು ತಡೆ ಹಿಡೀತಿರುತ್ತೆ!

ಹೀಗೆ ವಾರಗಟ್ಟಲೆ ಸೇರಿಕೊಂಡ ಮಲದಿಂದ ಗುದನಾಳ ಹಿಗ್ಗುತ್ತೆ. ಹಿಗ್ಗಿದ ಚೀಲಕ್ಕೆ "ತುಂಬಿದೆ, ಹೋಗು" ಅನ್ನೋ ಸಂದೇಶ ಕಳಿಸೋ ಶಕ್ತಿ ಕಡಿಮೆಯಾಗುತ್ತೆ, ಅಂದರೆ ಸೆನ್ಸರ್ ಮಂಕಾಗುತ್ತೆ. ಆಮೇಲೆ ಮೇಲಿಂದ ಬರೋ ಮೆತ್ತಗಿನ ಮಲ ಈ ಗಟ್ಟಿ ಉಂಡೆಯ ಪಕ್ಕದಿಂದ ಸೋರುತ್ತೆ. ಮನೆಯವರು ಅದನ್ನ ಭೇದಿ ಅಂದುಕೊಂಡು ಭೇದಿ ನಿಲ್ಲಿಸೋ ಔಷಧಿ ಕೊಟ್ಟುಬಿಡ್ತಾರೆ. ಕಟ್ಟಿದ್ದು ಇನ್ನಷ್ಟು ಕಟ್ಟಿಕೊಳ್ಳುತ್ತೆ.

ಮಲಬದ್ಧತೆ ಇರುವ ನೂರು ಮಕ್ಕಳಲ್ಲಿ ಸುಮಾರು 95 ಮಕ್ಕಳಿಗೆ ಕರುಳಿನ ಕಾಯಿಲೆ ಏನೂ ಇರಲ್ಲ, ಈ ಚಕ್ರವೇ ಕಾರಣ. ಚಕ್ರ ಮುರಿಯೋಕೆ ಒಂದು ಕ್ರಮ ಇದೆ, ಆ ಕ್ರಮ ತಪ್ಪಬಾರದು.

ಮೊದಲು ಕಟ್ಟಿಕೊಂಡಿದ್ದನ್ನ ಖಾಲಿ ಮಾಡಬೇಕು. ಇದು ಡಾಕ್ಟರ ಕೆಲಸ. ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನ ನೀರಲ್ಲಿ ಕಲಸಿ ಕುಡಿಸ್ತಾರೆ. ಅದು ಮಲದಲ್ಲಿ ನೀರು ಹಿಡಿದಿಟ್ಟು ಮೆತ್ತಗೆ ಮಾಡುತ್ತೆ. ಪೈಪು ಕಟ್ಟಿರುವಾಗ ಬರೀ ಸೊಪ್ಪು, ಹೊಟ್ಟು ತುಂಬಿದರೆ ಹೊಟ್ಟೆ ಉಬ್ಬುತ್ತೆ ಅಷ್ಟೇ.

ಆಮೇಲೆ ಊಟದ ಸರದಿ. ಎರಡು ವರ್ಷ ದಾಟಿದ ಮಗುವಿಗೆ ದಿನಕ್ಕೆ ಎಷ್ಟು ನಾರು ಬೇಕು ಅನ್ನೋದಕ್ಕೆ ಸುಲಭದ ಲೆಕ್ಕ ಇದೆ: ವಯಸ್ಸಿಗೆ 5 ಕೂಡಿಸಿ, ಅಷ್ಟು ಗ್ರಾಂ. ಏಳು ವರ್ಷದ ಮಗುವಿಗೆ ಕನಿಷ್ಠ 12 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಬಿಸ್ಕತ್ತು, ಬ್ರೆಡ್ಡು, ನೂಡಲ್ಸಿನಲ್ಲಿ ದಿನ ಕಳೆಯೋ ಮಗುವಿನ ಗತಿ ಏನು ಹೇಳಿ? ಮುದ್ದೆ, ಜೋಳದ ರೊಟ್ಟಿ, ದಂಟಿನ ಸೊಪ್ಪು, ಹುರುಳಿಕಾಯಿ ಪಲ್ಯ, ಹೆಸರುಕಾಳಿನ ಉಸಲಿ, ಪಪ್ಪಾಯಿ, ಸೀಬೆಹಣ್ಣು, ನೆನೆಸಿದ ಒಣದ್ರಾಕ್ಷಿ – ಇದರಲ್ಲಿ ಯಾವುದೂ ವಿದೇಶದಿಂದ ತರಿಸಬೇಕಾದ್ದಲ್ಲ. ಜೊತೆಗೆ ಸಾಕಷ್ಟು ನೀರು. ಹಾಲು ಒಳ್ಳೆಯದೇ, ಆದರೆ ಊಟ ಬಿಟ್ಟು ದಿನಕ್ಕೆ ಲೀಟರ್ ಹಾಲು ಕುಡಿದರೆ ಹೊಟ್ಟೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರಲ್ಲ.

ಮೂರನೆಯದು ಕೂರೋ ಅಭ್ಯಾಸ. ಊಟ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ತಾನಾಗಿ ಚುರುಕಾಗುತ್ತೆ, ಇದು ದೇಹದ ವ್ಯವಸ್ಥೆ. ಅದಕ್ಕೇ ತಿಂಡಿ ಆದ ಮೇಲೆ, ರಾತ್ರಿ ಊಟ ಆದ ಮೇಲೆ ಐದರಿಂದ ಹತ್ತು ನಿಮಿಷ ಕೂರಿಸಿ. ವೆಸ್ಟರ್ನ್ ಕಮೋಡ್ ಆದರೆ ಕಾಲು ನೇತಾಡಬಾರದು, ಕಾಲ ಕೆಳಗೆ ಒಂದು ಮಣೆ ಇಡಿ. ಕೈಗೆ ಮೊಬೈಲ್ ಬೇಡ. ಆಗಲಿಲ್ಲ ಅಂದರೆ ಗದರೋದೂ ಬೇಡ.

ನಾಲ್ಕನೆಯದು ತಾಳ್ಮೆ. ಹಿಗ್ಗಿದ ಗುದನಾಳ ಮೊದಲಿನ ಅಳತೆಗೆ ಬರೋಕೆ ತಿಂಗಳುಗಳು ಬೇಕು. ಎರಡು ವಾರ ಚೆನ್ನಾಗಿ ಹೋಯ್ತು ಅಂತ ನೀವೇ ಔಷಧಿ ನಿಲ್ಲಿಸಿದರೆ ಮತ್ತೆ ಮೊದಲಿಂದ ಶುರು. ನಿಧಾನವಾಗಿ ಯಾವಾಗ ಇಳಿಸಬೇಕು ಅನ್ನೋದನ್ನ ಡಾಕ್ಟರೇ ಹೇಳಲಿ.

ಇನ್ನು ಮನೆಮದ್ದು. ಸೋಪಿನ ಚೂರು ತುರುಕೋದು, ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಹಾಕೋದು ಇವತ್ತಿಗೂ ನಡೀತಿದೆ. ಗಾಯ ಆಗುತ್ತೆ, ಉರಿ ಆಗುತ್ತೆ, ಹೆದರಿದ ಮಗು ಇನ್ನೂ ಬಿಗಿ ಹಿಡಿಯುತ್ತೆ. ಮೆಡಿಕಲ್ ಶಾಪಿನಲ್ಲಿ ಸಿಗೋ ಫಾಸ್ಫೇಟ್ ಎನಿಮಾವನ್ನಂತೂ ಎರಡು ವರ್ಷದೊಳಗಿನ ಕೂಸಿಗೆ ಕೊಡಲೇಬಾರದು. ರಕ್ತದಲ್ಲಿನ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯ.

ಹಾಗಾದರೆ ನೀರು ಹಾಕಿ ಕರುಳು ತೊಳೆಯೋ ಪದ್ಧತಿ ಯಾರಿಗೆ? ಸೆನ್ಸರು, ವೈರಿಂಗು ಹುಟ್ಟಿನಿಂದಲೇ ಸರಿ ಇಲ್ಲದ ಮಕ್ಕಳಿಗೆ. ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿ ಪೂರ್ತಿ ಮುಚ್ಚಿಕೊಳ್ಳದೆ ಹುಟ್ಟಿದ ಮಕ್ಕಳು. ಗುದದ್ವಾರವೇ ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ ಮಕ್ಕಳು – ಸುಮಾರು ಐದು ಸಾವಿರ ಹೆರಿಗೆಗೆ ಒಂದು ಇಂಥ ಮಗು. ಆಪರೇಷನ್ ಆದ ಮೇಲೂ ಇವರಲ್ಲಿ ಹಲವರಿಗೆ ಹಿಡಿತ ಇರಲ್ಲ. ಎಷ್ಟು ಮುದ್ದೆ ಉಂಡರೂ, ಎಷ್ಟು ಹೊತ್ತು ಕೂತರೂ ಸಂದೇಶವೇ ಬರಲ್ಲ.

ಇಲ್ಲಿ ಉಪಾಯ ಸರಳ: ದೇಹ ಹೇಳೋವರೆಗೆ ಕಾಯದೆ, ನಾವೇ ಗೊತ್ತಾದ ಹೊತ್ತಿಗೆ ಖಾಲಿ ಮಾಡೋದು. 1987ರಲ್ಲಿ ಟೊರಾಂಟೊದ ವೈದ್ಯರು ತುದಿಯಲ್ಲಿ ಬಲೂನ್ ಇರುವ ನಳಿಕೆ ಬಳಸಿ ಸ್ಪೈನಾ ಬೈಫಿಡಾ ಮಕ್ಕಳಿಗೆ ಇದನ್ನ ಮಾಡಿ ತೋರಿಸಿದರು. ಬಲೂನ್ ಉಬ್ಬಿದರೆ ಹಾಕಿದ ನೀರು ಹಿಂದಕ್ಕೆ ಸೋರಲ್ಲ. 1990ರಲ್ಲಿ ಬ್ರಿಟನ್ನಿನ ಸರ್ಜನ್ ಮ್ಯಾಲೋನ್ ಇನ್ನೊಂದು ದಾರಿ ತೋರಿಸಿದರು: ಅಪೆಂಡಿಕ್ಸನ್ನೇ ಹೊಟ್ಟೆಯ ಮೇಲೆ ಸಣ್ಣ ಬಾಗಿಲು ಮಾಡಿ, ಮೇಲಿಂದ ನೀರು ಬಿಟ್ಟು ಕರುಳು ತೊಳೆಯೋದು.

ಪ್ರಮಾಣ ಸಾಮಾನ್ಯವಾಗಿ ಕೆಜಿ ತೂಕಕ್ಕೆ 10ರಿಂದ 20 ಮಿಲಿ ಲೀಟರ್. 20 ಕೆಜಿ ಮಗುವಿಗೆ 200ರಿಂದ 400. ಉಗುರುಬೆಚ್ಚಗಿನ ನೀರೋ ಸಲೈನೋ, ದಿನ ಬಿಟ್ಟು ದಿನವೋ ದಿನವೋ, ಎಲ್ಲವನ್ನೂ ಮಗು ನೋಡಿ ಡಾಕ್ಟರು ಹೇಳ್ತಾರೆ. ಮೊದಲು ಆಸ್ಪತ್ರೆಯಲ್ಲಿ ಕಲಿತು ಆಮೇಲೆ ಮನೆಯಲ್ಲಿ ಮಾಡಬೇಕು. ಅಪರೂಪವಾದರೂ ಕರುಳು ತೂತಾಗೋ ಅಪಾಯ ಇರೋದರಿಂದ ವಿಡಿಯೋ ನೋಡಿ ಮಾಡೋ ಕೆಲಸ ಇದಲ್ಲ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗ ಇದೆ, ಅಂಥ ಕಡೆ ಕೇಳಿ. ಕುಳಿತರೆ ಅರ್ಧ ಗಂಟೆ ಬೇಕಾಗಬಹುದು. ಆದರೆ ಸರಿ ಹೊಂದಿದರೆ ಮಾರನೇ ದಿನ ಇಡೀ ಮಗು ಸ್ವಚ್ಛ. ಡೈಪರ್ ಇಲ್ಲದೆ ಸ್ಕೂಲಿಗೆ ಹೋಗಬಹುದು, ಗೆಳೆಯರ ಪಕ್ಕ ಕೂರಬಹುದು.

ಕೆಲವು ಲಕ್ಷಣ ಕಂಡರೆ ಮಾತ್ರ ತಡ ಮಾಡಬೇಡಿ: ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದಿದ್ದರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿಕೊಂಡರೆ, ಮಲದಲ್ಲಿ ರಕ್ತ ಕಂಡರೆ, ತೂಕ ಏರದಿದ್ದರೆ, ಕಾಲಲ್ಲಿ ಬಲ ಇಲ್ಲದಿದ್ದರೆ, ಸೊಂಟದ ಹಿಂದೆ ಗುಳಿಯೋ ಕೂದಲ ಗುಚ್ಛವೋ ಇದ್ದರೆ.

ಕೊನೆಯ ಮಾತು ಶಾಲೆಗಳಿಗೆ. ಮಕ್ಕಳು ನೀರು ಕುಡೀಲಿ ಅಂತ 2019ರಲ್ಲಿ ಕೇರಳದ ಹಾಗೆ ನಮ್ಮಲ್ಲೂ 'ವಾಟರ್ ಬೆಲ್' ಬಂತು. ಒಳ್ಳೆಯದೇ. ಆದರೆ ಕುಡಿದ ಮಗು ಹೋಗೋಕೆ ಬಾಗಿಲಿಗೆ ಚಿಲಕ ಇರೋ, ನಲ್ಲಿಯಲ್ಲಿ ನೀರು ಬರೋ ಒಂದು ಶೌಚಾಲಯ ಬೇಕಲ್ಲವೇ? "ಮಿಸ್, ಟಾಯ್ಲೆಟ್" ಅಂತ ಕೈ ಎತ್ತಿದ ಮಗುವಿಗೆ "ಪೀರಿಯಡ್ ಮುಗೀಲಿ, ಕೂತ್ಕೋ" ಅಂದಾಗ, ಅದು ಬಿಗಿ ಹಿಡಿಯೋದನ್ನ ಕಲಿಯೋದು ಅಲ್ಲೇ. ದಯವಿಟ್ಟು ಕಳಿಸಿಕೊಡಿ. ಪಾಠ ಐದು ನಿಮಿಷ ಕಾಯಬಹುದು. ಆ ಮಗುವಿನ ಹೊಟ್ಟೆ ಕಾಯೋಲ್ಲ.