ಬೆಣ್ಣೆ ಕರಗುವ ಊರಿನಲ್ಲಿ ಓಟ್ಸ್ ಬಾರ್

ಹಣ್ಣಿನ ಹೂರಣವಿಟ್ಟು ಬೇಯಿಸುವ ಓಟ್ಸ್ ಬಾರ್‌ನ ವಿಧಾನಗಳು ಬಹುತೇಕ ಚಳಿನಾಡುಗಳ ಅಡುಗೆಮನೆಗಳಿಂದ ಬಂದವು. ಬೆಣ್ಣೆ ‘ಕೋಣೆಯ ಉಷ್ಣತೆ’ಯಲ್ಲಿರಲಿ ಎಂದು ಅಲ್ಲಿ ಬರೆದಿದ್ದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ಎಂದು ತಿಳಿಯಬೇಕು. ನೊಯ್ಡಾ, ಗುರುಗ್ರಾಮಗಳಲ್ಲಿ ಅಂಥ ಹದ ಸಿಗುವುದು ವರ್ಷದಲ್ಲಿ ಕೆಲವೇ ವಾರ. ಜನವರಿಯಲ್ಲಿ ಬೆಣ್ಣೆಗೆ ಬೆರಳು ಇಳಿಯುವುದಿಲ್ಲ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ತೂಕ ಮಾಡಿ ಮುಗಿಸುವುದರೊಳಗೆ ಅದು ಎಣ್ಣೆಯಾಗಿರುತ್ತದೆ.

ತಿಂಡಿಯೇನೋ ಸುಲಭದ್ದು. 150 ಗ್ರಾಂ ಓಟ್ಸ್, 120 ಗ್ರಾಂ ಮೈದಾ ಅಥವಾ ಗೋಧಿಹಿಟ್ಟು, 100 ಗ್ರಾಂ ಬೆಲ್ಲದ ಪುಡಿ, 120 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು. ಉದುರು ಉದುರಾಗಿ ಕಲಸಿ, ಮುಕ್ಕಾಲು ಭಾಗವನ್ನು ತಟ್ಟೆಗೆ ಒತ್ತಿ, ಮೇಲೆ ಹಣ್ಣಿನ ಹೂರಣ ಹರಡಿ, ಉಳಿದದ್ದನ್ನು ಉದುರಿಸಿ 180 ಡಿಗ್ರಿಯಲ್ಲಿ ಅರ್ಧ ಗಂಟೆಗೂ ತುಸು ಹೆಚ್ಚು ಬೇಯಿಸಿದರೆ ಮುಗಿಯಿತು.

ದೆಹಲಿಯ ಸುತ್ತಮುತ್ತ ಓಟ್ಸ್ ಹೊಸ ಬೆಳೆಯೇನಲ್ಲ. ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಹೊಲಗಳಲ್ಲಿ ಚಳಿಗಾಲಕ್ಕೆ ಜಈ, ಅಂದರೆ ಓಟ್ಸ್, ಬಿತ್ತುತ್ತಾರೆ. ಎಮ್ಮೆಗಳಿಗೆ ಅದು ಹಸಿಮೇವು. ನಮ್ಮ ಪೊಟ್ಟಣದೊಳಗಿನದು ಕಾಳು ಬಲಿತ ಮೇಲೆ ಹಬೆಯಲ್ಲಿ ಬೆಂದು, ರೋಲರಿನಡಿ ಚಪ್ಪಟೆಯಾದದ್ದು. ಹಬೆ ಏಕೆಂದರೆ, ಓಟ್ಸ್‌ನಲ್ಲಿ ಕೊಬ್ಬಿನಂಶ ಗೋಧಿಗಿಂತ ಹೆಚ್ಚು. ಅದರೊಳಗಿನ ಲೈಪೇಸ್ ಎಂಬ ಕಿಣ್ವವನ್ನು ಬಿಸಿಯಿಂದ ಅಡಗಿಸದಿದ್ದರೆ ಕೊಬ್ಬು ಒಡೆದು ಕಾಳು ಕನರು ವಾಸನೆಗೆ ತಿರುಗುತ್ತದೆ. ಗೋಧಿಯ ಹಾಗೆ ಅಂಟಂಟು ಗ್ಲುಟೆನ್ ಕಟ್ಟುವ ಪ್ರೋಟೀನು ಓಟ್ಸ್‌ನಲ್ಲಿಲ್ಲ. ಬಾರ್ ಪುಡಿಯಾಗದೆ ನಿಲ್ಲುವುದು ಸ್ವಲ್ಪ ಹಿಟ್ಟು, ಕರಗಿ ಮತ್ತೆ ಗಟ್ಟಿಯಾಗುವ ಸಿಹಿ ಮತ್ತು ಬೆಣ್ಣೆಯಿಂದ.

ಬೆಣ್ಣೆಯ ತಂಟೆ ಶುರುವಾಗುವುದು ಇಲ್ಲೇ. ಹಾಲಿನ ಕೊಬ್ಬು ಒಂದೇ ಬಿಂದುವಿನಲ್ಲಿ ಕರಗುವ ವಸ್ತುವಲ್ಲ. ಹಲವು ಬಗೆಯ ಕೊಬ್ಬುಗಳ ಮಿಶ್ರಣವಾದ್ದರಿಂದ ಮೆಲ್ಲಮೆಲ್ಲನೆ ಮೆತ್ತಗಾಗುತ್ತ ಸುಮಾರು 37 ಡಿಗ್ರಿಯ ಹೊತ್ತಿಗೆ ಪೂರ್ತಿ ದ್ರವವಾಗುತ್ತದೆ. ಅರೆಗಟ್ಟಿ ಬೆಣ್ಣೆ ಹಿಟ್ಟಿನೊಳಗೆ ಚೂರುಚೂರಾಗಿ ಕೂರುತ್ತದೆ. ಒಲೆಯೊಳಗೆ ಅದು ಕರಗಿದ ಜಾಗ ಟೊಳ್ಳಾಗಿ ಬಾರ್ ಹಗುರಾಗುತ್ತದೆ. ಮೊದಲೇ ಕರಗಿದ್ದರೆ ಎಲ್ಲೆಡೆ ಸಮನಾಗಿ ಹರಡಿ, ಬೆಂದ ಮೇಲೆ ತಟ್ಟೆಯ ತಳದಲ್ಲಿ ಜಿಡ್ಡು ನಿಲ್ಲುತ್ತದೆ. ಬೇಸಿಗೆಯಲ್ಲಿ ಬೆಣ್ಣೆಯನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ತುರಿಯಬೇಕು, ಒತ್ತಿದ ತಟ್ಟೆಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಅಷ್ಟು ತಾಳ್ಮೆ ಇಲ್ಲದವರು ತುಪ್ಪಕ್ಕೆ ಹೋಗುವುದು ಒಳ್ಳೆಯದು. ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80ರಷ್ಟು, ನೀರು 16ರ ಆಸುಪಾಸು. ತುಪ್ಪದಲ್ಲಿ ನೀರೇ ಇಲ್ಲವೆನ್ನಬಹುದು. ಹಾಗಾಗಿ 120 ಗ್ರಾಂ ಬೆಣ್ಣೆಯ ಬದಲು 95 ಗ್ರಾಂ ತುಪ್ಪ ಸಾಕು. ನೀರಿಲ್ಲದ ಕಾರಣ ಗ್ಲುಟೆನ್ ಬೆಳೆಯುವುದಿಲ್ಲ, ಬಾಯಲ್ಲಿ ಮರಳುಮರಳಾಗಿ ಕರಗುತ್ತದೆ. ಹಳೆ ದೆಹಲಿಯ ಗಾಡಿಗಳಲ್ಲಿ ಬಿಸಿಬಿಸಿ ಮಾರುವ ನಾನ್‌ಖಟಾಯಿಯ ಗುಟ್ಟೂ ಇದೇ.

ಇನ್ನು ಹಣ್ಣು. ಹೂರಣ ನೀರು ಬಿಟ್ಟರೆ ಕೆಳಗಿನ ಓಟ್ಸ್ ಅದನ್ನು ಹೀರಿ ಮುದ್ದೆಯಾಗುತ್ತದೆ. ಆ ನೀರನ್ನು ಹಿಡಿದು ನಿಲ್ಲಿಸುವುದು ಹಣ್ಣಿನ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್. ಅದರ ಉದ್ದನೆಯ ಸರಪಳಿಗಳು ಸಾಮಾನ್ಯವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಹುಳಿ ಆ ತಳ್ಳಾಟವನ್ನು ತಗ್ಗಿಸುತ್ತದೆ. ಸಕ್ಕರೆ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಆಗ ಸರಪಳಿಗಳು ಕೂಡಿಕೊಂಡು ಬಲೆ ಕಟ್ಟುತ್ತವೆ. ಇದಕ್ಕೆ ಹೂರಣ ಕುದಿದು ನೀರಿಂಗಿದ ಹೊತ್ತಿಗೆ ಸಕ್ಕರೆ ಒಟ್ಟು ತೂಕದ 60ರಿಂದ 65 ಶೇಕಡಾ ಇರಬೇಕು. ಸಕ್ಕರೆ ಕಡಿಮೆ ಮಾಡಿದೆ, ಹೂರಣ ಹರಿದುಹೋಯಿತು ಎಂದು ಗೊಣಗುವವರು ಹಣ್ಣನ್ನು ದೂರಬಾರದು.

ನನ್ನ ಆಯ್ಕೆ ಚಳಿಗಾಲದ ಸೀಬೆ. ಕಪ್ಪು ಉಪ್ಪು ಹಚ್ಚಿ ದೆಹಲಿಯ ಬೀದಿಗಳಲ್ಲಿ ಮಾರುವ ಅಮ್ರೂದ್ ಪೆಕ್ಟಿನ್‌ನ ಗಣಿ. ಆಗತಾನೇ ಹಣ್ಣಾದದ್ದು ಬೇಕು, ಕಳಿತದ್ದರಲ್ಲಿ ಪೆಕ್ಟಿನ್ ಕಿಣ್ವಗಳಿಂದ ತುಂಡಾಗಿರುತ್ತದೆ. ಬೀಜ ಸೋಸಿದ 300 ಗ್ರಾಂ ತಿರುಳಿಗೆ 200 ಗ್ರಾಂ ಸಕ್ಕರೆ, ಒಂದು ನಿಂಬೆಯ ರಸ. ಸ್ಟ್ರಾಬೆರಿಯಲ್ಲಿ ಪೆಕ್ಟಿನ್ ಕಡಿಮೆ, ಸಿಪ್ಪೆಸಹಿತ ಸೇಬು ಬೆರೆಸಬೇಕು. ಬೇಸಿಗೆಗೆ ಹುಳಿ ಆಲೂಬುಖಾರಾ ಚೆನ್ನ.

ಎಷ್ಟು ಕುದಿಸಬೇಕು? ನೀರು ಕುದಿಯುವ ಬಿಸಿಗಿಂತ 4–5 ಡಿಗ್ರಿ ಮೇಲಕ್ಕೆ. ಸಮುದ್ರಮಟ್ಟದಿಂದ ಸುಮಾರು 215 ಮೀಟರ್ ಎತ್ತರದ ದೆಹಲಿಯಲ್ಲಿ ಅದು 104ರ ಹತ್ತಿರ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ನೀರು 97ಕ್ಕೇ ಕುದಿಯುವುದರಿಂದ ಅಲ್ಲಿ 102 ಸಾಕು. ಊರಿನಿಂದ ಫೋನಿನಲ್ಲಿ ಅಮ್ಮ ಹೇಳುವ ಒಂದೆಳೆ ಪಾಕದ ಪರೀಕ್ಷೆ ಥರ್ಮಾಮೀಟರಿಗಿಂತ ಉಪಯೋಗಿ, ಅದಕ್ಕೆ ಎತ್ತರದ ಹಂಗಿಲ್ಲ. ಹೀಗೆ ಕಟ್ಟಿದ ಹೂರಣ ಓವನ್ನಿನ ಬಿಸಿಗೆ ಸುಲಭವಾಗಿ ಮತ್ತೆ ಕರಗುವುದೂ ಇಲ್ಲ.

ಆರೋಗ್ಯಕ್ಕೆಂದು ತಿನ್ನುವವರಿಗೆ ಒಂದು ಲೆಕ್ಕ. ಕೊಲೆಸ್ಟರಾಲ್ ತಗ್ಗಿಸಲು ನೆರವಾಗುವ ಬೀಟಾ ಗ್ಲುಕನ್ ಎಂಬ ನಾರು ಓಟ್ಸ್‌ನಲ್ಲಿ ಶೇಕಡಾ 4ರಷ್ಟಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಒಪ್ಪಿದ ಪ್ರಮಾಣ ದಿನಕ್ಕೆ 3 ಗ್ರಾಂ. ಮೇಲಿನ ಅಳತೆಯನ್ನು 16 ತುಂಡು ಮಾಡಿದರೆ ಅಷ್ಟು ನಾರಿಗೆ 8 ತುಂಡು ತಿನ್ನಬೇಕು, ಅಂದರೆ ಅರ್ಧ ತಟ್ಟೆ, ಬೆಣ್ಣೆ ಬೆಲ್ಲದ ಸಮೇತ.

ಬಿಸಿಯಿದ್ದಾಗ ಕತ್ತರಿಸಿದರೆ ಪುಡಿಯಾಗುತ್ತದೆ, ಕೊಬ್ಬು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಜನವರಿಯಲ್ಲಿ ಕಟ್ಟೆಯ ಮೇಲೆಯೇ ಎರಡು ಗಂಟೆ ಬಿಟ್ಟರಾಯಿತು, ಮೇ ತಿಂಗಳಲ್ಲಿ ತಟ್ಟೆ ತಣಿದ ಮೇಲೆ ಫ್ರಿಜ್ಜಿಗೇ ಹೋಗಬೇಕು. ಮಂಜು ಮುಸುಕಿದ ವಾರಗಳಲ್ಲೂ ಜುಲೈ ಮಳೆಯಲ್ಲೂ ಗಾಳಿಯ ತೇವಕ್ಕೆ ಮೇಲಿನ ಗರಿ ಮೆತ್ತಗಾದರೆ 150 ಡಿಗ್ರಿಯಲ್ಲಿ ಐದಾರು ನಿಮಿಷ ಮತ್ತೆ ಬಿಸಿ ಮಾಡಿ, ತಣಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.